ಅಡವಿಯ ಪಾಳಿ

ಬೇರೆ ಊರುಗಳಲ್ಲಿ ಮಳೆಗೆ ನಕ್ಷತ್ರಗಳ ಹೆಸರಿರುತ್ತದಂತೆ. ನಮ್ಮಲ್ಲಿ ಮನೆತನಗಳ ಹೆಸರು. ಇವತ್ತು ಗೋಣೇರ ಮಳೆ, ನಾಳೆ ಹಿತ್ತಲಮನಿಯವರ ಮಳೆ, ಮತ್ತೊಂದು ದಿನ ನಮ್ಮದು. ಊರಿಗಿರುವುದು ಒಂದು ಮೋಡ, ಹೊಲಗಳು ಇಪ್ಪತ್ತೇಳು. ಯಾವ ದಿನ ಮೋಡ ಯಾರ ಹೊಲದ ಮೇಲಿರಬೇಕು ಎಂದು ಪಾಳಿ ಬರೆಯುವ ಕೆಲಸ ನನ್ನದು. ಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಂದವಳು ಎಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷದ ಹಿಂದೆ ಇದನ್ನು ನನಗೆ ಒಪ್ಪಿಸಿದರು. ಅಂದಿನಿಂದ ನಾನು ಎಲ್ಲರಿಗೂ ಪಾಳಿ ಅಕ್ಕೋರು.

ಮೋಡವನ್ನು ಕರೆತರುವುದು ಕಷ್ಟದ ಕೆಲಸವಲ್ಲ. ಪಾಳಿಯ ಮನೆಯವರು ಬೆಳಕು ಹರಿಯುವ ಹೊತ್ತಿಗೆ ಕರಿ ಕಂಬಳಿಯನ್ನು ನೀರಿನಲ್ಲಿ ಅದ್ದಿ, ಹೆಗಲ ಮೇಲೆ ಹೊದ್ದು, ಹಿಂದಿನ ದಿನ ಮಳೆಯಾದ ಹೊಲದಿಂದ ತಮ್ಮ ಹೊಲಕ್ಕೆ ನಡೆಯಬೇಕು. ಮೋಡ ಹಿಂದೆ ಬರುತ್ತದೆ. ಓಡಬಾರದು, ಕಂಬಳಿ ಒಣಗಬಾರದು, ಅಷ್ಟೇ. ಒಮ್ಮೆ ಗೋಣೇರ ಮನೆಯ ಅಳಿಯ ದಾರಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತು ಕಂಬಳಿ ಒಣಗಿ, ಮೋಡ ಇಡೀ ದಿನ ಒಂದು ಬಂಡೆಯ ಮೇಲೆ ಸುರಿಯಿತು. ಆ ಬಂಡೆಯನ್ನು ಇಂದಿಗೂ ಗೋಣೇರ ಹೊಲ ಎಂದೇ ಕರೆಯುತ್ತಾರೆ.

ಪಾಳಿಯ ಪ್ರಕಾರ ಮಳೆಯಾಗುವುದರಿಂದ ನಮ್ಮಲ್ಲಿ ಒಂದು ಹೊಲದಲ್ಲಿ ಬಿತ್ತನೆ ನಡೆಯುವಾಗ ಪಕ್ಕದ ಹೊಲದಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಊರಲ್ಲಿ ಒಂದು ಕೊಡೆಯೂ ಇಲ್ಲ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲವನ್ನೂ ನಡುರಸ್ತೆಯಲ್ಲಿ ಹರವಿ, ಬಾಗಿಲು ಹಾಕಿಕೊಂಡು ಮಲಗಬಹುದು. ಆಕಾಶ ನೋಡುವ ಅಭ್ಯಾಸ ಊರಲ್ಲಿ ಯಾರಿಗೂ ಇರಲಿಲ್ಲ, ನನ್ನೊಬ್ಬಳಿಗೆ ಬಿಟ್ಟು.

ನಾನು ಚಿಕ್ಕಂದಿನಿಂದಲೂ ಎಲ್ಲದಕ್ಕೂ ಹೆದರುವವಳು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ‘ಬಹುಶಃ’ ಎಂಬ ಮಾತು ಸೇರಿಸದೆ ಯಾವ ವಾಕ್ಯವನ್ನೂ ಮುಗಿಸುವುದಿಲ್ಲ. ಹಾಗಾಗಿ ಪ್ರತಿ ಸೋಮವಾರ ಮೋಡದ ನೆರಳನ್ನು ಈ ಅಂಚಿನಿಂದ ಆ ಅಂಚಿಗೆ ಹೆಜ್ಜೆಯಿಂದ ಅಳೆಯುತ್ತಿದ್ದೆ. ನನಗಿಂತ ಮುಂಚೆ ಪಾಳಿ ಬರೆಯುತ್ತಿದ್ದ ಕರಿಬಸಜ್ಜ ತೀರಿಕೊಂಡ ವರ್ಷ ನೆರಳು ಏಳುನೂರ ನಲವತ್ತು ಹೆಜ್ಜೆ ಇತ್ತು. ಒಬ್ಬರ ಪಾಳಿಯ ದಿನ ಅಕ್ಕಪಕ್ಕದ ನಾಲ್ಕು ಹೊಲಗಳ ಬದುಗಳೂ ತೋಯುತ್ತಿದ್ದವು. ನನ್ನ ಐದನೇ ವರ್ಷಕ್ಕೆ ಅದು ಆರುನೂರಕ್ಕೆ ಇಳಿಯಿತು. ವಯಸ್ಸಾದಂತೆ ನನ್ನ ಹೆಜ್ಜೆ ಉದ್ದವಾಗಿರಬೇಕು ಎಂದುಕೊಂಡೆ. ವಯಸ್ಸಾದಂತೆ ಯಾರ ಹೆಜ್ಜೆಯೂ ಉದ್ದವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹತ್ತನೇ ವರ್ಷ ನಾನೂರ ಹತ್ತು. ಪುಸ್ತಕದಲ್ಲಿ ಬರೆದೆ, ಯಾರಿಗೂ ಹೇಳಲಿಲ್ಲ.

ಹೇಳದೇ ಇದ್ದುದಕ್ಕೆ ಕಾರಣವಿತ್ತು. ಕರಿಬಸಜ್ಜನ ಪುಸ್ತಕದಲ್ಲಿ ಇಪ್ಪತ್ತೇಳು ಮನೆಗಳ ಹೆಸರು ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ಅಡವಿ, ಒಂಬತ್ತು ದಿನ’ ಎಂದಿರುತ್ತಿತ್ತು. ಪ್ರತಿ ಸುತ್ತಿಗೂ ಒಂಬತ್ತು ದಿನ ಅಜ್ಜ ಬಂಡಿಯಲ್ಲಿ ನೀರಿನ ಪೀಪಾಯಿ ಇಟ್ಟುಕೊಂಡು, ದಾರಿಯುದ್ದಕ್ಕೂ ಕಂಬಳಿ ಅದ್ದಿಕೊಳ್ಳುತ್ತ, ಕಲ್ಲುಗುಡ್ಡದ ಆಚೆ ಮೂರು ಮೈಲಿ ದೂರದ ಅಡವಿಗೆ ಮೋಡವನ್ನು ತಾನೇ ಹೊಡೆದುಕೊಂಡು ಹೋಗುತ್ತಿದ್ದ. ಯಾಕೆಂದು ಅವನು ಬರೆದಿರಲಿಲ್ಲ. ಅವನು ಬದುಕಿದ್ದಾಗ ನಾನು ಕೇಳಲಿಲ್ಲ. ನಾನು ಕೆಲಸ ಹಿಡಿದ ಮೊದಲ ವಾರವೇ ಕುಬೇರಪ್ಪ ನಮ್ಮ ಮನೆಯ ಕಟ್ಟೆಗೆ ಬಂದು ಕೂತ. ಊರಿಗೆಲ್ಲ ದೊಡ್ಡ ನವಣೆ ಹೊಲ ಅವನದು. ಮಾತೂ ಅಷ್ಟೇ ದೊಡ್ಡದು.

“ಅಕ್ಕೋರೆ, ನೀವು ಓದಿದವರದೀರಿ, ನೀವ ಹೇಳ್ರಿ. ಬಿತ್ತದ ನೆಲಕ್ಕ ಮಳಿ ಯಾತಕ್ಕ? ಅಡವ್ಯಾಗ ಯಾರು ಕೂರಿಗಿ ಹೊಡದಾರ? ಆ ಒಂಬತ್ತು ದಿನ ತಗದ್ರ ನಮಗ ಮೂವತ್ತಾರು ದಿನಕ್ಕ ಬರೂ ಮಳಿ ಇಪ್ಪತ್ತೇಳಕ್ಕ ಬರತೈತಿ.”

ಲೆಕ್ಕ ಸರಿಯಾಗಿತ್ತು. ಹೊಸಬಳಾದ ನನಗೆ ಊರಿನವರ ಮೆಚ್ಚುಗೆ ಬೇಕಿತ್ತು. ಕೆಂಪು ಶಾಯಿಯಿಂದ ಕೊನೆಯ ಸಾಲನ್ನು ಹೊಡೆದುಹಾಕಿದೆ. ಆ ವರ್ಷ ನವಣೆ ಸೊಂಟದೆತ್ತರ ಬಂದಿತು. ಶಾಲೆಯಲ್ಲಿ ಸಭೆ ಮಾಡಿ ನನಗೆ ಹಾರ ಹಾಕಿದರು. ಅದು ಚೆಂಡುಹೂವಿನ ಹಾರ. ಅದರ ಒಣಗಿದ ಎಸಳು ಈಗಲೂ ಪುಸ್ತಕದೊಳಗಿದೆ.

ನೆರಳು ಮುನ್ನೂರಕ್ಕೆ ಇಳಿದದ್ದು ಹಾಲವ್ವನ ಪಾಳಿಯ ದಿನ. ಹಾಲವ್ವ ಒಬ್ಬಳೇ ಮೆಣಸಿನಕಾಯಿ ಬೆಳೆಯುವ ಮುದುಕಿ. ಬಿಡುವಿದ್ದಾಗ ಅಡವಿಗೆ ಹೋಗಿ ಮುತ್ತುಗದ ಎಲೆ ತಂದು ಪತ್ರಾವಳಿ ಹಚ್ಚುತ್ತಾಳೆ. ಆ ದಿನ ಮೋಡ ಅವಳ ಹೊಲದ ನಡುವೆ ನಿಂತು, ಮಧ್ಯಾಹ್ನದವರೆಗೆ ಜಿನುಗಿ, ಸುಮ್ಮನಾಯಿತು. ಹೊಲದ ಎರಡು ತುದಿಗಳಲ್ಲಿ ಹನಿ ಬೀಳಲಿಲ್ಲ. ಸಂಜೆಗೆ ಅವಳು ನಮ್ಮ ಮನೆಗೆ ಬಂದಳು. ಜಗಳ ಆಡಲು ಬಂದಳೆಂದು ನಾನು ಬಾಗಿಲಲ್ಲೇ ಕ್ಷಮೆ ಕೇಳಲು ಶುರುಮಾಡಿದೆ.

“ಸುಮ್ನಿರವಾ, ಕಣ್ಣೀರು ಹಾಕಿದ್ರ ಹೊಲ ತೊಯ್ತೈತೇನು?” ಎಂದು ಸೆರಗಿನಿಂದ ಎರಡು ಎಲೆ ತೆಗೆದು ನನ್ನ ಕೈಯಲ್ಲಿಟ್ಟಳು. ಒಂದು ಹಳೆಯದು, ಒಣಗಿದ್ದು, ನನ್ನ ಎರಡು ಅಂಗೈಯಗಲ. ಇನ್ನೊಂದು ಆ ದಿನದ್ದು. ಎಳೆ ಮಗುವಿನ ಅಂಗೈಯಷ್ಟಿತ್ತು. “ಇದರ ಮ್ಯಾಲ ಮೊದಲ ರೊಟ್ಟಿ ಹಿಡೀತಿತ್ತು. ಈಗ ಚಟ್ನಿ ಹಿಡ್ಯೂದಿಲ್ಲ. ಪಾಳಿ ಹಿಡದ ಮ್ಯಾಲ ಅಡವಿ ನೋಡಾಕ ನೀ ಒಂದ ಸಲಾನೂ ಬರಲಿಲ್ಲ.”

“ಹೆದರಿಕಿ ಆಗತಿತ್ತು, ದೊಡ್ಡವ್ವಾ,” ಎಂದೆ. ಅದು ನಿಜ.

“ಕರಿಬಸಣ್ಣ ಬಂಡಿ ಹೂಡೂವಾಗ ನಾ ಒಂದಿನ ಕೇಳಿದ್ದೆ. ಏನಂದ ಗೊತ್ತೇನು? ‘ಎಮ್ಮಿ ಕಟ್ಟಿ ಹಾಲು ಕರಕೋತೀವಿ. ಮೇವಿಗೆ ಬಿಡೂದು ಬ್ಯಾಡೇನು, ತಂಗಿ?’ ಅಂದ. ನಾ ಆಗ ನಕ್ಕಿದ್ದೆ.”

ಅವಳು ಹೋದ ಮೇಲೆ ನಾನು ಪುಸ್ತಕ ತೆರೆದು ಹನ್ನೊಂದು ವರ್ಷದ ಹೆಜ್ಜೆಗಳನ್ನು ಒಂದೊಂದಾಗಿ ಓದಿದೆ. ನನ್ನ ಕೈಬರಹ ಬಹಳ ಅಚ್ಚುಕಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಬೇವಿನ ಕಟ್ಟೆಗೆ ಎಲ್ಲರನ್ನೂ ಕರೆಸಿದೆ. ಪಾಳಿ ಆ ದಿನ ನಮ್ಮ ಮನೆಯದೇ ಆಗಿತ್ತು. ಮೋಡ ನಮ್ಮ ಜೋಳದ ಮೇಲೆ ಒಂದು ಹರಕು ಗೋಣಿಚೀಲದಂತೆ ನಿಂತಿತ್ತು. ಮಾರನೆಯ ದಿನ ಕುಬೇರಪ್ಪನದು. ಅವನ ನವಣೆ ಹೊಡೆಗೆ ಬಂದಿತ್ತು, ತೆನೆ ಇನ್ನೂ ಎಲೆಯೊಳಗೇ ಇತ್ತು. ಈಗ ಮಳೆ ತಪ್ಪಿದರೆ ಅಷ್ಟೂ ಜೊಳ್ಳು. ಇದೆಲ್ಲ ತಿಳಿದೇ ನಾನು ಎದ್ದು ನಿಂತು, ನೆರಳಿನ ಅಳತೆ ಓದಿದೆ. ಹನ್ನೊಂದು ವರ್ಷ ಮುಚ್ಚಿಟ್ಟಿದ್ದೆ ಎಂದೆ. ಅಡವಿಯ ಸಾಲನ್ನು ಹೊಡೆದುಹಾಕಿದ ಕೈ ನನ್ನದೇ ಎಂದೆ. ನಾಳೆಯಿಂದ ಒಂಬತ್ತು ದಿನ ಮೋಡವನ್ನು ಅಡವಿಗೆ ಬಿಡಬೇಕು, ಬಹುಶಃ ಎಂದೆ.

“ಬಹುಶಃ!” ಕುಬೇರಪ್ಪ ಎದ್ದೇ ಬಿಟ್ಟ. “ನನ್ನ ನವಣಿ ಹೊಡ್ಯಾಗ ನಿಂತೈತಿ, ಅಕ್ಕೋರು ಬಹುಶಃ ಅಂತಾರ. ಬಸುರಿಗೆ ಊಟ ಬಿಡಿಸಿ ಗಿಡಕ್ಕ ಬಡಸ್ತೀರೇನು?”

ಕೆಲವರು ನಕ್ಕರು. ಹಿತ್ತಲಮನಿಯವರು, ಅಡವಿಗೆ ಬಿಟ್ಟ ದನವೇ ಎಷ್ಟೋ ಸಲ ತಿರುಗಿ ಬರುವುದಿಲ್ಲ, ಇನ್ನು ಮೋಡ ಬಂದೀತೇ ಎಂದರು. ಆಗ ಹಾಲವ್ವ ಕೂತಲ್ಲಿಂದಲೇ ಕೇಳಿದಳು.

“ಏ ಕುಬೇರಾ, ಹಿಂದಿನ ಪಾಳ್ಯಾಗ ನಿನ್ನ ಹೊಲದಾಗ ಎಷ್ಟು ಹಸಿ ಆಗಿತ್ತು?”

“ಆಗಿತ್ತು ಬಿಡು.”

“ಎಷ್ಟಪಾ?”

“ನಾಕು ಬಟ್ಟು,” ಎಂದು ನಾಲ್ಕು ಬೆರಳು ಜೋಡಿಸಿ ತೋರಿಸಿದ.

“ನಿಮ್ಮಪ್ಪ ಇದ್ದಾಗ?”

ಕುಬೇರಪ್ಪ ಮತ್ತೆ ಕೂತುಬಿಟ್ಟ. ಅವನ ತಂದೆ ಮಳೆಯ ಮರುದಿನ ಮಣ್ಣಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಮೊಳ ಹಸಿ ಆಗಿದೆಯೆಂದು ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದುದು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು.

“ನಾಕು ಬಟ್ಟು ನಾಳೆ ಎರಡಾಗತೈತಿ,” ಎಂದಳು ಹಾಲವ್ವ. “ಆಮ್ಯಾಲ ಅಕ್ಕೋರು ಯಾರ ಪಾಳಿ ಬರೀಬೇಕು? ಗಾಳಿದಾ?”

ಕುಬೇರಪ್ಪ ನನ್ನ ಕಡೆ ತಿರುಗಿದ. “ತಗೊಂಡು ಹೋಗ್ರಿ. ಆದ್ರ ಹತ್ತನೇ ದಿನ ಮೋಡ ನನ್ನ ಹೊಲದ ಮ್ಯಾಲ ಇರ್ಬೇಕು. ಇಲ್ಲಂದ್ರ ನಿಮ್ಮ ಪುಸ್ತಕ ನಮ್ಮ ಒಲಿಗೆ. ಇರತೈತೋ ಇಲ್ಲೋ?”

“ಇರತೈತಿ,” ಎಂದೆ. ಬಹುಶಃ ಇಲ್ಲದೆ ನಾನು ಕೊಟ್ಟ ಮೊದಲ ಮಾತು ಅದು.

ಬಂಡಿಯ ದಾರಿ ಕಲ್ಲು ಬಿದ್ದು ಕೆಟ್ಟಿತ್ತು. ಪೀಪಾಯಿ ಒಯ್ಯುವಂತಿರಲಿಲ್ಲ. ಒಂದು ಕಂಬಳಿ ಒಣಗದೆ ಮೂರು ಮೈಲಿ ಹೋಗುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಇಪ್ಪತ್ತೇಳು ಮನೆಯ ಇಪ್ಪತ್ತೇಳು ಕಂಬಳಿಗಳು, ಇಪ್ಪತ್ತೇಳು ಕೊಡ ನೀರು ದಾರಿಯುದ್ದಕ್ಕೂ ಗುರುತು ಮಾಡಿದ ಜಾಗಗಳಲ್ಲಿ ನಿಂತವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಹೊಲದಿಂದ ನಾನು ಹೊರಟೆ. ಕಂಬಳಿಯ ನೀರು ಬೆನ್ನಿನಲ್ಲಿ ಇಳಿಯುತ್ತಿತ್ತು. ಮೋಡ ಹಿಂದೆ ಬರುತ್ತಿದೆಯೆಂದು ಗೊತ್ತಾಗುತ್ತಿದ್ದುದು ನನ್ನ ಮುಂದೆ ಬೀಳುತ್ತಿದ್ದ ಸಣ್ಣ ನೆರಳಿನಿಂದ ಮಾತ್ರ. ಮೊದಲ ಗುರುತಿನಲ್ಲಿ ಗೋಣೇರ ಅಳಿಯ ಕಂಬಳಿ ಅದ್ದಿಕೊಂಡು ಕಾದಿದ್ದ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ, ಮಾತಾಡಿಬಿಟ್ಟೇನು ಎಂದು. ಅವನಿಂದ ಮುಂದಿನವರಿಗೆ, ಅವರಿಂದ ಮುಂದಿನವರಿಗೆ ಮೋಡ ಕೈಯಿಂದ ಕೈಗೆ ದಾಟಿತು. ಕೆಲಸ ಮುಗಿದವರು ಮನೆಗೆ ಹೋಗಲಿಲ್ಲ. ನನ್ನ ಹಿಂದೆಯೇ ನಡೆದರು. ಕಲ್ಲುಗುಡ್ಡದ ಏರಿನಲ್ಲಿ, ಎಲ್ಲಕ್ಕಿಂತ ಕಷ್ಟದ ಕೊನೆಯ ಗುರುತಿನಲ್ಲಿ ಕುಬೇರಪ್ಪ ನಿಂತಿದ್ದ. ಊರಿನಲ್ಲೇ ದೊಡ್ಡ ಕಂಬಳಿ ಅವನದು. ಸಿಟ್ಟಿನಿಂದ ನನ್ನ ಮುಖ ನೋಡಲಿಲ್ಲ. ಆದರೆ ಕಂಬಳಿಯನ್ನು ಕೊಡದಲ್ಲಿ ಎರಡು ಸಲ ಅದ್ದಿದ.

ಅಡವಿಯನ್ನು ನಾನು ಕಾಲೇಜಿನ ಮೊದಲ ವರ್ಷ ಎಲೆ ಸಂಗ್ರಹಕ್ಕೆಂದು ಬಂದಾಗ ನೋಡಿದ್ದೆ. ಈಗ ಎದುರಿಗಿದ್ದುದು ಬೇರೆ. ಕಮರ, ಮತ್ತಿ, ಮುತ್ತುಗದ ಮರಗಳೆಲ್ಲವೂ ಬೂದಿ ಬಳಿದುಕೊಂಡಂತೆ ನಿಂತಿದ್ದವು. ಹೆಜ್ಜೆಯಿಟ್ಟರೆ ನೆಲ ಹಪ್ಪಳದಂತೆ ಮುರಿಯುತ್ತಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕುಬೇರಪ್ಪ ಅಂಚಿನಲ್ಲಿ ನಿಂತುಬಿಟ್ಟ. ಮೋಡ ಅವನನ್ನು ದಾಟಿ, ತಾನಾಗಿಯೇ ಕೆಳಗಿಳಿಯಿತು. ಬಿಸಿಲಿನಿಂದ ಬಂದ ಎಮ್ಮೆ ಕೆರೆಗೆ ಇಳಿಯುವಂತೆ, ಮೊದಲು ಹೊಟ್ಟೆ ತಾಕಿಸಿ, ಆಮೇಲೆ ಪೂರ್ತಿ. ಮರಗಳ ನಡುವೆ ಸ್ವಲ್ಪ ಹೊತ್ತು ಬಿಳಿ ಮಂಜಿನಂತೆ ಕಂಡು, ಕಾಣದಾಯಿತು.

ಒಂಬತ್ತು ದಿನ ಊರಿನ ಆಕಾಶ ಬರಿದಾಗಿತ್ತು. ಅದುವರೆಗೆ ಮೇಲೆ ನೋಡದವರೆಲ್ಲ ಈಗ ಮೇಲೆ ನೋಡುತ್ತಿದ್ದರು. ಒಂಬತ್ತನೇ ದಿನದ ಸಂಜೆ ಇಪ್ಪತ್ತೇಳು ಕಂಬಳಿಗಳನ್ನೂ ಮತ್ತೆ ಸಾಲಾಗಿ ನಿಲ್ಲಿಸಿ, ನಾನು ಮತ್ತು ಹಾಲವ್ವ ಅಡವಿಯಂಚಿಗೆ ಹೋದೆವು. ಹಸಿ ಕಂಬಳಿ ಹೊದ್ದು ಓಡಾಡಿದೆವು. ಕರೆದೆವು. ಹಾಲವ್ವ ದನ ಕರೆಯುವಂತೆ ನಾಲಿಗೆ ಹೊರಳಿಸಿದಳು. ಮರಗಳ ಒಳಗೆ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಬಂದಿತು, ಅಷ್ಟೇ. ಮೋಡ ಬರಲಿಲ್ಲ.

ಹತ್ತನೇ ದಿನವೂ ಬರಲಿಲ್ಲ. ಹನ್ನೊಂದಕ್ಕೂ ಇಲ್ಲ. ಕುಬೇರಪ್ಪನ ನವಣೆಯ ಎಲೆಗಳು ಸುರುಳಿಯಾಗತೊಡಗಿದವು. ಅಂಗಡಿಯ ಮುಂದೆ ಹಾದುಹೋದರೆ ಯಾರೋ ಹಿಂದಿನಿಂದ, “ಅಕ್ಕೋರು ಬಂದ್ರು, ಬಹುಶಃ,” ಎನ್ನುತ್ತಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ. ಊರಿಗೆ ಇದ್ದುದೇ ಒಂದು ಮೋಡ. ಅದು ಚಿಕ್ಕದಾಗಿಯಾದರೂ ಇತ್ತು. ಈಗ ಅದನ್ನೂ ನಾನು ಕಳೆದಿದ್ದೆ.

ಹನ್ನೆರಡನೇ ದಿನ ಬೆಳಿಗ್ಗೆ ಕುಬೇರಪ್ಪ ಮನೆಗೆ ಬಂದ. ಕೇಳುವ ಮೊದಲೇ ಪುಸ್ತಕ ತಂದು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಅವನ ಚಪ್ಪಲಿಗೆ ಹಸಿ ಮಣ್ಣು ಮೆತ್ತಿತ್ತು. ಊರಿನಲ್ಲಿ ಎಲ್ಲಿಯೂ ಹಸಿ ಮಣ್ಣಿರಲಿಲ್ಲ.

“ಅಡವಿಗೆ ಹೋಗಿದ್ದೆ,” ಎಂದ. “ಒಳಗ ಹೋದೆ. ಇನ್ನೂ ಕುಡ್ಯಾಕತ್ತೈತ್ರಿ ನೆಲ. ಒಂದು ಎತ್ತು ತಿಂಗಳಗಟ್ಟಲೆ ಉಪಾಸ ಇದ್ರ, ಒಂದಿನ ಕಣಕಿ ಹಾಕಿ ನೊಗಕ್ಕ ಹೂಡಾಕಾಗತೈತೇನು? ಹನ್ನೊಂದು ವರ್ಷದ ಹಸಿವ್ರಿ ಇದು. ನಾವು ಒಂಬತ್ತು ದಿನ ಅಂದ್ವಿ.” ಚಪ್ಪಲಿಯ ಮಣ್ಣನ್ನು ಕಟ್ಟೆಯ ಕಲ್ಲಿಗೆ ಒರೆಸಿದ. “ಅಡವಿ ಸಾಲು ಹೊಡೀರಿ ಅಂತ ನಿಮಗ ಹೇಳಿದಾವ ನಾನ. ಬಿಡ್ರಿ, ಮೇಯ್ಲಿ.”

“ನಿಮ್ಮ ನವಣಿ, ಕುಬೇರಣ್ಣಾ?”

“ಹೋದ್ರ ಹೋತು,” ಎಂದ.

ಅವನು ಹೋದ ಮೇಲೆ ನಾನು ಬೇರೇನೂ ಯೋಚಿಸದೆ ಕೊಡ ಎತ್ತಿಕೊಂಡು ಬಾವಿಗೆ ನಡೆದೆ. ಹಾಲವ್ವ ನೋಡಿದಳು. ಅವಳೂ ಒಂದು ಕೊಡ ತಂದಳು. ಮಧ್ಯಾಹ್ನದೊಳಗೆ ಕಂಬಳಿ ಹಿಡಿದು ನಿಂತಿದ್ದ ಅದೇ ಇಪ್ಪತ್ತೇಳು ಮನೆಯವರು ಬಾವಿಯಿಂದ ಕುಬೇರಪ್ಪನ ಹೊಲದವರೆಗೆ ಸಾಲಾಗಿ ನಿಂತಿದ್ದರು. ಕೊಡಗಳು ಕೈಯಿಂದ ಕೈಗೆ ಹೋದವು. ಆರು ದಿನ ಹೀಗೇ ನಡೆಯಿತು. ಇಡೀ ಹೊಲ ತೋಯಿಸಲು ಆಗಲಿಲ್ಲ. ಅರ್ಧ ಹೊಲದ ಬುಡಗಳಿಗೆ ಒಂದೊಂದು ಚೊಂಬು ಸಿಕ್ಕಿತು. ಕುಬೇರಪ್ಪ ಬದುವಿನ ಮೇಲೆ ನಿಂತು, “ಸಾಕ್ರಪೋ, ಬಾವಿ ತಳಾ ಕಾಣಾಕತ್ತೈತಿ,” ಎಂದು ಬೈಯುತ್ತಲೇ ಇದ್ದ. ಅವನ ಹೆಂಡತಿ ಎಲ್ಲರಿಗೂ ರೊಟ್ಟಿ ತಟ್ಟಿದಳು. ನವಣೆಯ ಎಲೆಗಳು ಬಿಚ್ಚಿಕೊಳ್ಳಲಿಲ್ಲ, ಒಣಗಲೂ ಇಲ್ಲ. ಕಾಯುತ್ತಿದ್ದವು.

ಹದಿನೆಂಟನೇ ದಿನ ಹಾಲವ್ವ ತನ್ನ ಮೆಣಸಿನಕಾಯಿಯನ್ನು ನಡುರಸ್ತೆಯಲ್ಲಿ ಹರವಿದ್ದಳು. ಶಾಲೆಯ ಗೋಡೆಯಿಂದ ಗಿರಣಿಯವರೆಗೆ ರಸ್ತೆ ಕೆಂಪಾಗಿತ್ತು. ನಾನು ಕೊಡ ಹಿಡಿದು ಹೋಗುತ್ತಿದ್ದೆ. ಮೊದಲು ವಾಸನೆ ಬಂದಿತು. ಮಳೆ ಬಿದ್ದ ಮಣ್ಣಿನ ವಾಸನೆ ನನಗೆ ಗೊತ್ತಿತ್ತು, ಇದು ಅದಲ್ಲ. ಕೊಳೆತ ಎಲೆ, ತೊಗಟೆ, ಜೇನು, ಅಣಬೆ ಎಲ್ಲ ಸೇರಿದ ವಾಸನೆ. ಆಮೇಲೆ ಕೈಯಲ್ಲಿದ್ದ ಕೊಡದ ಹೊಳಪು ಹೋಯಿತು. ತಲೆ ಎತ್ತಿ ನೋಡಿದೆ.

ಯಾರೂ ಕರೆದಿರಲಿಲ್ಲ. ಒಂದು ಕಂಬಳಿಯೂ ಹಸಿಯಾಗಿರಲಿಲ್ಲ. ಮೋಡ ಕಲ್ಲುಗುಡ್ಡವನ್ನು ತಾನಾಗಿಯೇ ದಾಟಿ, ಕರ್ರಗೆ, ಹೊಟ್ಟೆ ಜೋತುಕೊಂಡು, ತುಂಬಿದ ಎಮ್ಮೆಯ ನಡಿಗೆಯಲ್ಲಿ ಬರುತ್ತಿತ್ತು. ನಾನು ಕೊಡ ಕೆಳಗಿಟ್ಟು ನೆರಳಿನ ಅಂಚಿನಿಂದ ಹೆಜ್ಜೆ ಎಣಿಸತೊಡಗಿದೆ. ನನಗೆ ತಿಳಿದದ್ದು ಅದೊಂದೇ ಕೆಲಸ. ಮುನ್ನೂರು. ಏಳುನೂರು. ಊರಿನ ಕೊನೆಯ ಮನೆ ದಾಟಿತು. ಸಾವಿರದ ನೂರು. ನನ್ನ ಮುಂದೆ ಇನ್ನೂ ನೆರಳೇ ಇತ್ತು. ಕುಬೇರಪ್ಪನ ಹೊಲ, ಅದರ ಆಚೆಯದು, ಅದರ ಆಚೆಯದು, ಎಂಟು ಹೊಲಗಳು ಒಟ್ಟಿಗೆ ಕಪ್ಪಾಗಿದ್ದವು. ಮೋಡ ಊರು ದಾಟಿ ಹೊಲಗಳ ಮೇಲೆ ನಿಂತಿತು, ಮಳೆ ಒಮ್ಮೆಲೇ ಇಳಿಯಿತು. ಎಣಿಕೆ ತಪ್ಪಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಣಿಕೆ ತಪ್ಪಿತು, ನಾನು ಹಿಂದಕ್ಕೆ ಹೋಗಿ ಮತ್ತೆ ಎಣಿಸಲಿಲ್ಲ.

ನವಣೆಯ ನಡುವೆ ಕುಬೇರಪ್ಪ ಮಂಡಿಯೂರಿ ಕೂತಿದ್ದ. ಗಂಟೆ ಕಳೆಯುವಷ್ಟರಲ್ಲಿ ಎದ್ದು ಬಲಗೈ ಮೇಲೆತ್ತಿದ. ಬೆರಳ ತುದಿಯಿಂದ ಮೊಣಕೈವರೆಗೆ ಕರಿ ಮಣ್ಣು.

“ಅಕ್ಕೋರೆ!” ಮಳೆಯನ್ನು ಮೀರಿ ಕೂಗಿದ. “ಬಹುಶಃ ಮಳಿ ಆಗೇತ್ರೀ!”

ನಾನು ನಕ್ಕೆ. ಬದುವಿನ ಮೇಲೆ ನಿಂತವರೆಲ್ಲ ನಕ್ಕರು. ಗೋಣೇರ ಅಳಿಯ ನಗು ನಿಲ್ಲಿಸಿ ಹಿಂದೆ ಊರಿನ ಕಡೆ ಕೈ ತೋರಿಸಿದ. ದೊಡ್ಡ ಮೋಡದ ಬೆನ್ನ ಹಿಂದೆ, ಗುಡ್ಡವನ್ನು ಈಗಷ್ಟೇ ಇಳಿಯುತ್ತ, ಇನ್ನೊಂದು ಇತ್ತು. ಬೆಳ್ಳಗೆ, ಒಂದು ಮನೆಯಷ್ಟಗಲ, ದಿಕ್ಕು ತಿಳಿಯದೆ ಅತ್ತ ಇತ್ತ ಹಾಯುತ್ತ ಬರುತ್ತಿತ್ತು. ಕರಿಬಸಜ್ಜನ ಪುಸ್ತಕದ ಯಾವ ಪುಟದಲ್ಲಿಯೂ ಅಂಥದ್ದು ಇರಲಿಲ್ಲ.

“ಕರಾ ಹಾಕೇತಿ!” ಎಂದು ಯಾರೋ ಕಿರುಚಿದರು. “ಮೋಡ ಕರಾ ಹಾಕೇತ್ರೋ!”

ಮರಿ ಮೋಡಕ್ಕೆ ಪಾಳಿ ಗೊತ್ತಿರಲಿಲ್ಲ. ಬೇವಿನ ಕಟ್ಟೆಯ ಮೇಲೆ ಒಂದಿಷ್ಟು ಸುರಿಸಿತು. ಶಾಲೆಯ ಮೇಲೆ ಸುರಿಸಿತು. ಗೋಣೇರ ಬಂಡೆಯ ಮೇಲೆ ನಿಂತು ನೋಡಿ, ಮನಸ್ಸು ಬದಲಿಸಿ, ತಿರುಗಿ ಬಂದು ನಡುರಸ್ತೆ ಹಿಡಿಯಿತು. ನಾವೆಲ್ಲ ತೊಯ್ದು ತೊಪ್ಪೆಯಾಗಿ ಊರಿಗೆ ಬರುವಾಗ ಹಾಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಕಾಲ ಸುತ್ತ ಕೆಂಪು ನೀರು ಹರಿಯುತ್ತಿತ್ತು. ಮೆಣಸಿನಕಾಯಿಗಳು ಅದರ ಮೇಲೆ ಸಣ್ಣ ದೋಣಿಗಳಂತೆ ತೇಲಿಕೊಂಡು ಗಿರಣಿಯ ಕಡೆ ಹೊರಟಿದ್ದವು.

“ಏ ಪಾಳಿ ಅಕ್ಕೋರೆ!” ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ, ಮುಖದ ತುಂಬ ನಗು. “ಪುಸ್ತಕ ತಗದು ನೋಡು. ಇದು ಯಾರ ಮನಿ ಮಳಿ? ಯಾವ ಮನಿಯವ್ರು ನನ್ನ ಮೆಣಸಿನಕಾಯಿ ತೋಯ್ಸಿದ್ರು, ಹೆಸರು ಹೇಳು!”

“ಅಡವಿಯವರದು, ದೊಡ್ಡವ್ವಾ,” ಎಂದೆ. ಬಹುಶಃ ಎನ್ನಲಿಲ್ಲ.

ಮಳೆ ಜೋರಾಯಿತು. ನಾವು ಇಪ್ಪತ್ತೇಳು ಮನೆಯವರು ರಸ್ತೆಯ ಎರಡೂ ಬದಿಗೆ ನಿಂತು ಬಾಯಿ ತೆರೆದು ಮೇಲೆ ನೋಡುತ್ತಿದ್ದೆವು. ಮಳೆ ಬಂದಾಗ ಓಡಿ ಮೆಣಸಿನಕಾಯಿ ಎತ್ತಬೇಕು ಎಂಬುದು ನಮ್ಮ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.